ಆಕಾಶಕ್ಕೆ ಸುಣ್ಣ ತಟ್ಟಿದ ಚಳಿಗಾಲ

ಹೋದ ವಾರ ಶ್ರೀನಿವಾಸಪುರದಿಂದ ಕೋಲಾರಕ್ಕೆ ಬರುವ ಬಸ್ಸಿಗೆ ಯಾರೋ ರೇಷ್ಮೆಗೂಡಿನ ಎರಡು ಚೀಲ ಹತ್ತಿಸಿದರು. ಕಂಡಕ್ಟರ್ ಗೊಣಗಿದ. ಹಿಂದಿನ ಸೀಟಿನ ಕಾಲೇಜು ಹುಡುಗಿಯರು ಮೂಗಿಗೆ ದುಪಟ್ಟಾ ಅಡ್ಡ ಹಿಡಿದು ಕಿಟಕಿ ಸರಿಸಿದರು. ನಾನು ಮಾತ್ರ ಎದ್ದು ಹೋಗಿ ಆ ಚೀಲಗಳ ಪಕ್ಕದಲ್ಲೇ ಕೂತೆ. ಹಿಪ್ಪುನೇರಳೆ ಸೊಪ್ಪು, ಹುಳುವಿನ ಹಿಕ್ಕೆ, ಬೆಚ್ಚಗಿನ ಧೂಳು, ಎಲ್ಲ ಸೇರಿದ ವಾಸನೆ ಅದು. ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ, ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ನನಗೆ ಅದು ಟೇಕಲ್‌ನ ವಾಸನೆ, ನಾನು ಡಾಕ್ಟರೇಟ್ ಕಳೆದುಕೊಳ್ಳಲಿದ್ದ ಚಳಿಗಾಲದ ವಾಸನೆ.

ಆಗ ನಾನು ಕೋಲಾರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಪ್ರತಿ ವರ್ಷ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವವಳು. ಊರು ಮುಳಬಾಗಿಲು, ವಯಸ್ಸು ಮೂವತ್ತೇಳು. ಪಿಎಚ್‌ಡಿಗೆ ಹೆಸರು ನೋಂದಾಯಿಸಿ ಎಂಟನೇ ವರ್ಷ ನಡೆಯುತ್ತಿತ್ತು. ಎರಡು ಸಲ ಅವಧಿ ವಿಸ್ತರಿಸಿ ಕೊಟ್ಟಿದ್ದರು, ಮೂರನೆಯದು ಇಲ್ಲ ಅಂತ ಬರೆದೇ ಕಳಿಸಿದ್ದರು. ಮಾರ್ಚ್ ಕೊನೆಯೊಳಗೆ ಪ್ರಬಂಧ ಒಪ್ಪಿಸಬೇಕು, ಇಲ್ಲದಿದ್ದರೆ ನೋಂದಣಿ ರದ್ದು. ಪದವಿ ಇಲ್ಲದಿದ್ದರೆ ಮುಂದಿನ ಜೂನ್‌ನಲ್ಲಿ ಕಾಲೇಜಿನವರೂ ಕರೆಯುವುದಿಲ್ಲ ಅನ್ನುವುದು ಗೋಡೆಗೂ ಗೊತ್ತಿತ್ತು.

ನನ್ನ ವಿಷಯ ಕೇಳಿದವರೆಲ್ಲ ನಗುತ್ತಿದ್ದರು. ಕಣ್ಣಿಗೆ ಕಾಣದ ಬೆಳಕು ಅಂದರೆ ಯಾರು ನಗುವುದಿಲ್ಲ? ಆದರೆ ಅದು ಇದೆ. ಹಗಲೆಲ್ಲ ಬಿಸಿಲು ಮೇಲಿನ ಗಾಳಿಗೆ ಹೊಡೆದು ಆಮ್ಲಜನಕವನ್ನು ಬಿಡಿಬಿಡಿ ಪರಮಾಣುಗಳಾಗಿ ಸೀಳುತ್ತದೆ. ಸೂರ್ಯ ಮುಳುಗಿದ ಮೇಲೆ, ನೆಲದಿಂದ ಎಂಬತ್ತು ತೊಂಬತ್ತು ಕಿಲೋಮೀಟರ್ ಎತ್ತರದಲ್ಲಿ, ಅವು ಮತ್ತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗೆ ಅಂಟುವ ಗಡಿಬಿಡಿಯಲ್ಲಿ ಹುಟ್ಟುವ ಕಣಗಳು ನಡುಗುತ್ತಾ ಅವಕೆಂಪು ಬೆಳಕನ್ನು ಬಿಡುತ್ತವೆ. ಇಡೀ ಆಕಾಶ ರಾತ್ರಿಯಿಡೀ ಹೀಗೆ ಬೆಳಗುತ್ತಿರುತ್ತದೆ, ನಮ್ಮ ಕಣ್ಣಿಗೆ ಮಾತ್ರ ಅದು ತಿಳಿಯುವುದಿಲ್ಲ. ಪುಸ್ತಕದಲ್ಲಿ ಇದಕ್ಕೆ ವಾಯುದೀಪ್ತಿ ಎಂದು ಹೆಸರು. ಯಾವ ಎತ್ತರದಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಬೆಳಕು ಹುಟ್ಟಬೇಕು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು ನನ್ನ ಕೆಲಸ. ಅದನ್ನೇ ಮಾಡೆಲ್ ಅನ್ನುತ್ತಿದ್ದೆವು. ಏಳು ವರ್ಷ ಕಟ್ಟಿದ್ದೆ. ಇನ್ನು ಉಳಿದಿದ್ದು ಒಂದೇ: ನಿಜವಾದ ಆಕಾಶವನ್ನು ಒಂದು ಚಳಿಗಾಲ ಅಳೆದು, ನನ್ನ ಲೆಕ್ಕ ಅದಕ್ಕೆ ತಾಳೆಯಾಗುತ್ತದೆಯೇ ನೋಡುವುದು.

ಅಳೆಯುವ ಪೆಟ್ಟಿಗೆಯನ್ನು ಬೆಂಗಳೂರಿನ ನನ್ನ ಗೈಡ್ ಸಾರ್ ಕೊಟ್ಟರು. ಟ್ರಂಕಿನ ಗಾತ್ರದ್ದು, ಮೇಲೆ ತಟ್ಟೆಯಗಲದ ಗಾಜಿನ ಕಿಟಕಿ, ಅದಕ್ಕೊಂದು ತಗಡಿನ ಮುಚ್ಚಳ. ಕತ್ತಲಾಗಿರುವ ಜಾಗ ಬೇಕಾಗಿತ್ತು. ನಮ್ಮ ಕಾಲೇಜಿನ ಅಟೆಂಡರ್ ತನ್ನ ಷಡ್ಡಕನ ಮನೆ ಟೇಕಲ್‌ನಲ್ಲಿದೆ, ಬೆಟ್ಟದ ಮರೆಯಲ್ಲಿ ಮಾಲೂರಿನ ಕಡೆಯ ದೀಪ ಒಂದೂ ಕಾಣುವುದಿಲ್ಲ, ತಾರಸಿಯೂ ಇದೆ ಎಂದ. ಹೀಗೆ ನಾನು ಕೃಷ್ಣಪ್ಪನವರ ಮನೆಗೆ ಹೋಗಿ ಸೇರಿದೆ.

ಕೃಷ್ಣಪ್ಪ ಬೆಳಗಿನ ಪ್ಯಾಸೆಂಜರಿಗೆ ಮಾಲೂರಿನ ಫ್ಯಾಕ್ಟರಿಗೆ ಹೋಗಿ ಸಂಜೆ ಏಳೂವರೆಗೆ ಮರಳುವವರು. ಮಾತು ಕಡಿಮೆ. ಮನೆ, ತೋಟ, ಹುಳು ಎಲ್ಲ ಅವರ ಹೆಂಡತಿ ಲಕ್ಷ್ಮಮ್ಮನದು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಒಂದು ಎಕರೆ ಹಿಪ್ಪುನೇರಳೆ, ಮನೆ ಪಕ್ಕದಲ್ಲೇ ಹುಳುಮನೆ. ಗಂಡನ ಹತ್ತಿರ ತೆಲುಗು, ನನ್ನ ಹತ್ತಿರ ಕನ್ನಡ, ಹುಳುಗಳ ಹತ್ತಿರ ಎರಡೂ. ನನ್ನನ್ನು ಮೊದಲ ದಿನದಿಂದಲೇ ಮೇಡಮ್ಮ ಎಂದು ಕರೆದರು. ನಮ್ಮ ಮನೆಯಲ್ಲೂ ತೆಲುಗೇ ಎಂದು ತಿಳಿದ ಮೇಲೂ ಕನ್ನಡ ಬಿಡಲಿಲ್ಲ, ಮೇಡಮ್ಮನ ಹತ್ತಿರ ಕನ್ನಡವೇ ಮರ್ಯಾದೆ ಎಂದು ಅವರ ನಂಬಿಕೆ.

ಹುಳುಮನೆಯ ಬಾಗಿಲು ಮಾತ್ರ ನನಗೆ ತೆರೆಯಲಿಲ್ಲ. ಹೊರಗಿನವರು ಹೋದರೆ ಹುಳುವಿಗೆ ಸೋಂಕು ತಗಲುತ್ತದೆ. ನಾನು ಸೋಪಿನ ವಾಸನೆ, ತಲೆಗೆಣ್ಣೆಯ ವಾಸನೆ, ಬಸ್ಸಿನ ಧೂಳು ಎಲ್ಲ ಹೊತ್ತು ಬರುವವಳು. ಬಾಗಿಲಾಚೆ ನಿಂತು ಇಣುಕುವುದಕ್ಕೆ ಅಡ್ಡಿಯಿರಲಿಲ್ಲ. ಸೊಪ್ಪು ಹಾಕಿದ ಕೂಡಲೇ ಒಳಗೆ ಸಣ್ಣ ಮಳೆ ಶುರುವಾದ ಹಾಗೆ ಸದ್ದು ಕೇಳುತ್ತಿತ್ತು. ಸಾವಿರಾರು ಬಾಯಿ ಒಟ್ಟಿಗೆ ಮೇಯುವ ಸದ್ದು. ಅದನ್ನು ಕೇಳುತ್ತಾ ನಾನು ಹೊಸ್ತಿಲಾಚೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಹಿತಕಿದ ಬೇಳೆ ಸಾರು, ರಾಗಿಮುದ್ದೆ ಉಂಡು ತಾರಸಿ ಹತ್ತುವಾಗ ಪಿಎಚ್‌ಡಿ ಹೋದರೂ ಪರವಾಗಿಲ್ಲ, ಈ ಊಟ ಇರಲಿ ಅನ್ನಿಸುತ್ತಿತ್ತು.

ವ್ಯವಸ್ಥೆ ಹೀಗಿತ್ತು. ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಬಂಗಾರಪೇಟೆಗೆ ಬಸ್ಸು, ಅಲ್ಲಿಂದ ರೈಲು ಹಿಡಿದು ನಾನು ಟೇಕಲ್‌ಗೆ ಬರುತ್ತಿದ್ದೆ. ಶನಿವಾರ, ಭಾನುವಾರ ರಾತ್ರಿ ತಾರಸಿಯ ಮೇಲೆ ಕಂಬಳಿ ಹೊದ್ದು ಪೆಟ್ಟಿಗೆಯ ಪಕ್ಕ ಕಾವಲು. ಉಳಿದ ದಿನ ಲಕ್ಷ್ಮಮ್ಮ ಸಂಜೆ ಏಳಕ್ಕೆ ಮುಚ್ಚಳ ತೆಗೆಯಬೇಕು, ಬೆಳಗ್ಗೆ ಐದಕ್ಕೆ ಹಾಕಬೇಕು. ಮಿಕ್ಕಿದ್ದೆಲ್ಲ ಪೆಟ್ಟಿಗೆಯೇ ಮಾಡಿಕೊಳ್ಳುತ್ತಿತ್ತು.

ಒಂದು ದಿನ ಅವರೂ ಮೇಲೆ ಬಂದು ಪಕ್ಕದಲ್ಲಿ ಕೂತರು. ಏನು ಅಳೆಯುತ್ತೀರಿ ಎಂದು ಕೇಳಿದರು. ನನಗೆ ತಿಳಿದಷ್ಟು ಸುಲಭ ಮಾಡಿ ಹೇಳಿದೆ. ಹಗಲು ಕುಡಿದ ಬಿಸಿಲನ್ನು ಆಕಾಶ ರಾತ್ರಿ ಬಿಡುತ್ತದೆ ಅಂದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಬೆಟ್ಟದ ಬಂಡೆಯೂ ಹಾಗೇ, ಮುಟ್ಟಿ ನೋಡಿ, ಒಂಬತ್ತು ಗಂಟೆಯಾದರೂ ಬೆಚ್ಚಗಿರುತ್ತದೆ ಅಂದರು. ಆಮೇಲೆ ತಲೆಯೆತ್ತಿ ಆಕಾಶ ನೋಡುತ್ತಾ ಕೇಳಿದರು:

"ಹಂಗಾದ್ರೆ ಪೂರ್ತಿ ಕತ್ಲೆ ಅನ್ನೋದೇ ಇಲ್ವಾ ಮೇಡಮ್ಮ?"

ಇಲ್ಲ ಅಂದೆ. ನನ್ನ ಏಳು ವರ್ಷದ ಕೆಲಸವನ್ನು ಅಷ್ಟು ಚಿಕ್ಕದಾಗಿ ನಾನೇ ಯಾವತ್ತೂ ಹೇಳಿರಲಿಲ್ಲ.

ನವೆಂಬರಿನಲ್ಲಿ ತೊಂದರೆ ಶುರುವಾಯಿತು. ಟೇಕಲ್‌ನ ಇಬ್ಬನಿ ಸಾಮಾನ್ಯದ್ದಲ್ಲ. ಗಾಜನ್ನು ಬೆಚ್ಚಗಿಡುವ ತಂತಿ ಕೆಟ್ಟುಹೋಯಿತು, ಹೊಸದು ಬರಲು ತಿಂಗಳುಗಟ್ಟಲೆ ಅಂದರು. ನಾನಿದ್ದ ರಾತ್ರಿಗಳಲ್ಲಿ ಗಂಟೆಗೊಮ್ಮೆ ಎದ್ದು ಬಟ್ಟೆಯಲ್ಲಿ ಗಾಜು ಒರೆಸುತ್ತಿದ್ದೆ. ನಾನಿಲ್ಲದ ರಾತ್ರಿಗಳಲ್ಲಿ ನಡುರಾತ್ರಿ ದಾಟಿದರೆ ಗಾಜಿನ ಮೇಲೆ ನೀರು ಕೂತು ಅಳತೆಯೆಲ್ಲ ಹಾಳು. ವಾರಕ್ಕೆ ಐದು ರಾತ್ರಿ ಹೀಗೆ ಮಣ್ಣುಪಾಲಾಗುವುದನ್ನು ನೋಡಿ ನಾನು ಲಕ್ಷ್ಮಮ್ಮನ ಮುಂದೆ ಗೋಳಾಡಿದೆ. ತೇವ ಕೂರಬಾರದು, ತೇವ ಕೂತರೆ ನನ್ನ ಕಥೆ ಮುಗಿಯಿತು ಎಂದು ಎಷ್ಟು ಸಲ ಹೇಳಿದೆನೋ. ಗಾಜು ಮುಟ್ಟಬೇಡಿ ಎಂದು ಮಾತ್ರ ಒಂದು ಸಲವೂ ಹೇಳಲಿಲ್ಲ. ಅದು ಹೇಳಬೇಕಾದ ಮಾತು ಅಂತಲೇ ನನಗೆ ಹೊಳೆದಿರಲಿಲ್ಲ.

ಡಿಸೆಂಬರ್ ಮೊದಲ ವಾರದಿಂದ ಪವಾಡದ ಹಾಗೆ ಎಲ್ಲ ಸರಿಹೋಯಿತು. ಸೋಮವಾರದಿಂದ ಶುಕ್ರವಾರದವರೆಗಿನ ರಾತ್ರಿಗಳು ಬೆಳಗಿನ ಜಾವದವರೆಗೂ ಅಲುಗಾಡದೆ ಬಂದವು. ತಂತಿ ಬಿಟ್ಟುಬಿಟ್ಟು ಕೆಲಸ ಮಾಡುತ್ತಿರಬೇಕು ಅಂದುಕೊಂಡೆ, ನಾನಿದ್ದ ರಾತ್ರಿಗಳಲ್ಲಿ ಮಾತ್ರ ಗಾಜು ಯಾಕೆ ಒದ್ದೆಯಾಗುತ್ತದೆ ಎಂದು ಕೇಳಿಕೊಳ್ಳಲಿಲ್ಲ. ಗಾಜಿನ ಅಂಚಿನಲ್ಲಿ ಸ್ವಲ್ಪ ಬಿಳಿ ಕಾಣುತ್ತಿತ್ತು. ಕಲ್ಲು ಕ್ವಾರಿಯ ಧೂಳು ಎಂದು ಒರೆಸಿ ಹಾಕಿದೆ.

ಅದಕ್ಕಿಂತ ದೊಡ್ಡ ಖುಷಿ ಇನ್ನೊಂದಿತ್ತು. ಆ ರಾತ್ರಿಗಳ ಬೆಳಕು ನನ್ನ ಮಾಡೆಲ್ ಹೇಳಿದಷ್ಟೇ ಇತ್ತು. ಗೆರೆಯ ಮೇಲೆ ಗೆರೆ ಕೂತ ಹಾಗೆ. ಕೋಲಾರದ ಬಾಡಿಗೆ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಅತ್ತುಬಿಟ್ಟೆ. ಆದರೆ ಶನಿವಾರ, ಭಾನುವಾರದ ರಾತ್ರಿಗಳು ಮಾತ್ರ ಕೇಳುತ್ತಿರಲಿಲ್ಲ. ನಾನು ಖುದ್ದಾಗಿ ಕೂತು ಕಾದ ರಾತ್ರಿಗಳಲ್ಲಿ ಆಕಾಶ ಲೆಕ್ಕಕ್ಕಿಂತ ಹೆಚ್ಚು ಬೆಳಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ತಪ್ಪು ನನ್ನದೇ ಇರಬೇಕು ಅಂದುಕೊಂಡೆ. ನನ್ನ ಮೊಬೈಲು, ಟಾರ್ಚು, ಲ್ಯಾಪ್‌ಟಾಪ್ ಪರದೆ, ಯಾವುದೋ ಬೆಳಕು ಪೆಟ್ಟಿಗೆಗೆ ಬೀಳುತ್ತಿದೆ. ಪರೀಕ್ಷಿಸಲು ಒಂದು ವಾರಾಂತ್ಯ ತಾರಸಿ ಹತ್ತದೆ ಕೆಳಗೇ ಮಲಗಿದೆ, ಮುಚ್ಚಳವನ್ನು ನೀವೇ ತೆಗೆಯಿರಿ ಎಂದು ಲಕ್ಷ್ಮಮ್ಮನಿಗೆ ಹೇಳಿದೆ. ನೋಡಿದರೆ ಆ ಶನಿವಾರವೂ ಲೆಕ್ಕಕ್ಕೆ ಸರಿಯಾಗಿ ಬಂತು. ಇನ್ನೇನು ಸಾಕ್ಷಿ ಬೇಕು? ನಾನಿದ್ದರೆ ಆಕಾಶ ಸುಳ್ಳು ಹೇಳುತ್ತದೆ, ಇಲ್ಲದಿದ್ದರೆ ನಿಜ ಹೇಳುತ್ತದೆ ಎಂದು ತೀರ್ಮಾನಿಸಿ, ನಾನು ಕಾವಲು ಕೂತ ರಾತ್ರಿಗಳನ್ನೆಲ್ಲ ತೆಗೆದುಹಾಕಿದೆ. ಮಿಕ್ಕಿದ್ದನ್ನು ಗೈಡ್ ಸಾರ್‌ಗೆ ಕಳಿಸಿದೆ. ಕೊನೆಯ ಅಧ್ಯಾಯ ಬರೆದು ಮುಗಿಸು ಎಂದು ಸಂಕ್ರಾಂತಿಯ ದಿನ ಅವರ ಉತ್ತರ ಬಂತು.

ಮಾರನೇ ದಿನ ಎಳ್ಳು-ಬೆಲ್ಲ, ಕಬ್ಬಿನ ತುಂಡು, ಒಂದು ಸೀರೆ ಹಿಡಿದು ಟೇಕಲ್‌ಗೆ ಹೊರಟೆ. ವಾರದ ನಡುವೆ ನಾನು ಅಲ್ಲಿಗೆ ಹೋಗಿದ್ದು ಅದೇ ಮೊದಲು, ಹೇಳಿಯೂ ಇರಲಿಲ್ಲ. ಮನೆ ತಲುಪಿದಾಗ ಏಳಾಗುತ್ತಿತ್ತು. ಅಡುಗೆಮನೆಯಲ್ಲಿ ಯಾರೂ ಇಲ್ಲ. ಮುಚ್ಚಳ ತೆಗೆಯಲು ಹೋಗಿರಬೇಕು ಎಂದು ತಾರಸಿ ಮೆಟ್ಟಿಲು ಹತ್ತಿದೆ.

ಲಕ್ಷ್ಮಮ್ಮ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ಹಳೇ ಪಂಚೆಯ ಬಟ್ಟೆಯ ಗಂಟು. ಗಾಜಿನ ಮೇಲೆ ಗೇಣುದ್ದ ಎತ್ತರದಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಿಂದ ಮೆಲ್ಲಗೆ ತಟ್ಟುತ್ತಿದ್ದರು. ಒಂದೊಂದು ತಟ್ಟಿಗೂ ಬಿಳಿ ಪುಡಿ ಮಂಜಿನ ಹಾಗೆ ಇಳಿದು ಗಾಜಿನ ತುಂಬ ಕೂರುತ್ತಿತ್ತು. ಸುಣ್ಣ. ನನ್ನನ್ನು ನೋಡಿ ಸಂತೋಷದಿಂದ, ಬಂದ್ರಾ ಮೇಡಮ್ಮ, ಅಂದರು.

ಅವರೇ ವಿವರಿಸಿದರು, ಮಕ್ಕಳಿಗೆ ಹೇಳುವ ಹಾಗೆ. ಹುಳು ಪೊರೆ ಬಿಡುವ ಮುಂಚೆ ಒಂದು ದಿನ ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂರುತ್ತದೆ. ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆ ಹೊತ್ತಿನಲ್ಲಿ ತಟ್ಟೆಯಲ್ಲಿ ತೇವ ಇದ್ದರೆ ಹುಳು ಏಳುವುದಿಲ್ಲ. ಅದಕ್ಕೇ ತೆಳು ಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿ ಮೇಲಿಂದ ತಟ್ಟುತ್ತಾರೆ, ಸುಣ್ಣ ತೇವ ಹೀರಿಕೊಳ್ಳುತ್ತದೆ.

"ನಿಮ್ ಪೆಟ್ಟಿಗೇನೂ ಹಂಗೇ ಅಲ್ವಾ, ರಾತ್ರಿಯೆಲ್ಲಾ ತಲೆ ಎತ್ಕೊಂಡು ಅಲ್ಲಾಡ್ದಂಗೆ ಕೂತಿರುತ್ತೆ. ತೇವ ಆಗ್ಬಾರ್ದು ಅಂತ ನೀವು ಅಷ್ಟು ಒದ್ದಾಡ್ತಿದ್ರಲ್ಲ, ಅದ್ಕೇ ದಿನಾ ಇಷ್ಟು ತಟ್ಟಿ, ಬೆಳಗ್ಗೆ ಒದ್ದೆ ಬಟ್ಟೇಲಿ ಒರೆಸಿಬಿಡ್ತೀನಿ."

ಹಾಗಾದರೆ ಶನಿವಾರ, ಭಾನುವಾರ? ನೀವು ಮೇಲಿದ್ದಾಗ ನೀವೇ ಒರೆಸಿಕೊಳ್ಳುತ್ತೀರಲ್ಲ, ನಾನ್ಯಾಕೆ ತಟ್ಟಲಿ ಅಂದರು.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುತ್ತಾರೆ. ನಾನು ಸುಣ್ಣ ಬಿದ್ದ ಕಣ್ಣನ್ನೇ ನಂಬಿ ಕೂತಿದ್ದೆ. ಆಕಾಶ ನಿಜವಾಗಿಯೂ ನನ್ನ ಲೆಕ್ಕಕ್ಕಿಂತ ಹೆಚ್ಚು ಬೆಳಗುತ್ತಿತ್ತು. ಲಕ್ಷ್ಮಮ್ಮನ ಸುಣ್ಣ ಅದರಲ್ಲಿ ಒಂದು ಪಾಲನ್ನು ತಡೆದು, ನನ್ನ ತಪ್ಪು ಮಾಡೆಲ್‌ಗೆ ಸರಿಯಾಗಿ ಹೊಂದುವಷ್ಟು ಮಾತ್ರ ಒಳಗೆ ಬಿಟ್ಟಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದೂ ಇಲ್ಲಿಗೆ ಸರಿಯಾಗದು, ಆ ತುತ್ತೇ ನನ್ನದಾಗಿರಲಿಲ್ಲ.

ಆಮೇಲೆ ನಾನು ಆಡಿದ ಮಾತು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಕನ್ನಡ ಮರೆತು ನಮ್ಮ ಮನೆಯ ತೆಲುಗಿನಲ್ಲಿ ಕೂಗಾಡಿದೆ. ಮುಟ್ಟು ಅಂತ ನಿಮಗೆ ಯಾರು ಹೇಳಿದ್ದು, ನನ್ನ ಎಂಟು ವರ್ಷ ಹಾಳು ಮಾಡಿದಿರಿ, ಇದೇನು ಹುಳುವಿನ ತಟ್ಟೆ ಅಂದುಕೊಂಡಿರಾ ಎಂದೆಲ್ಲ. ಅವರು ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದರು. ನಾನು ಎಳ್ಳು-ಬೆಲ್ಲದ ಚೀಲವನ್ನು ತಾರಸಿಯ ಮೇಲೇ ಬಿಟ್ಟು ಸ್ಟೇಷನ್ನಿಗೆ ನಡೆದುಬಂದೆ.

ರೈಲು ತಡವಾಗಿತ್ತು. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ ಕೋಪ ಇಳಿಯಿತು, ಅದರ ಜಾಗಕ್ಕೆ ಇನ್ನೊಂದು ಯೋಚನೆ ಬಂತು. ಇದು ಯಾರಿಗೆ ಗೊತ್ತು? ನನಗೆ, ಲಕ್ಷ್ಮಮ್ಮನಿಗೆ. ಸಾರ್ ಒಪ್ಪಿಯಾಗಿದೆ, ಅಧ್ಯಾಯ ಮುಕ್ಕಾಲು ಬರೆದಾಗಿದೆ. ಟೇಕಲ್‌ನ ತಾರಸಿಯ ಮೇಲೆ ಸುಣ್ಣ ಬಿತ್ತೋ ಇಲ್ಲವೋ ಎಂದು ನೋಡಲು ಯಾರು ಬರುತ್ತಾರೆ? ಎರಡೂವರೆ ತಿಂಗಳಲ್ಲಿ ಹೊಸ ಮಾಡೆಲ್ ಕಟ್ಟಲು ಆಗುವುದಿಲ್ಲ. ಸುಮ್ಮನಿದ್ದುಬಿಡುತ್ತೇನೆ ಅಂದುಕೊಂಡೆ. ಅಂದುಕೊಂಡಿದ್ದಷ್ಟೇ ಅಲ್ಲ, ನಿರ್ಧಾರವನ್ನೇ ಮಾಡಿಬಿಟ್ಟೆ.

ಅಷ್ಟರಲ್ಲಿ ಕೃಷ್ಣಪ್ಪನವರ ಮೊಪೆಡ್ ಸ್ಟೇಷನ್ ಮುಂದೆ ನಿಂತಿತು. ಹಿಂದೆ ಲಕ್ಷ್ಮಮ್ಮ. ಆಗತಾನೇ ಕೆಲಸದಿಂದ ಬಂದ ಗಂಡನನ್ನು ಕಾಫಿಯನ್ನೂ ಕುಡಿಯಲು ಬಿಡದೆ ಹೊರಡಿಸಿಕೊಂಡು ಬಂದಿದ್ದರು. ಬಂದು ನನ್ನ ಪಕ್ಕದಲ್ಲಿ ಕೂತು, ನಾಳೆ ನಿಮ್ಮ ಸಾರ್ ಹತ್ತಿರ ನನ್ನನ್ನು ಕರೆದುಕೊಂಡು ಹೋಗಿ, ತಪ್ಪು ನನ್ನದು ಎಂದು ನಾನೇ ಹೇಳುತ್ತೇನೆ ಅಂದರು. ನಾನು, ಬೇಡ ಬಿಡಿ ಲಕ್ಷ್ಮಮ್ಮ, ಯಾರಿಗೂ ಹೇಳಬೇಕಾಗಿಲ್ಲ, ಏನೂ ಆಗಿಲ್ಲ ಅಂದೆ. ಅವರು ನನ್ನ ಮುಖವನ್ನೇ ನೋಡಿದರು.

"ಗೊತ್ತಿದ್ದೂ ಹಂಗೇ ಕಳಿಸ್ತೀರಾ?"

ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ ಪ್ರಶ್ನೆ ಅದು. ಅವರೇ ಮುಂದುವರಿಸಿದರು. ನಾಳೆ ಹುಳು ನಾಲ್ಕನೇ ಜ್ವರಕ್ಕೆ ಕೂತಿರುತ್ತದೆ, ಮೇವು ಹಾಕುವ ಹಾಗಿಲ್ಲ, ತನಗೆ ಬಿಡುವಿರುವುದು ಅದೊಂದೇ ದಿನ. ನಾಡಿದ್ದು ಹುಳು ಎದ್ದರೆ ಗೂಡು ಕಟ್ಟುವ ತನಕ ಮನೆ ಬಿಟ್ಟು ಕದಲುವಂತಿಲ್ಲ. ರೇಷ್ಮೆ ಸಾಕುವವರಿಗೆ ಹುಳು ಜ್ವರಕ್ಕೆ ಕೂತ ದಿನವೇ ರಜಾ. ಆ ರಜೆಯನ್ನು ಅವರು ನನಗೆ ಕೊಡಲು ಬಂದಿದ್ದರು. ನನಗೆ ಅಳು ಬಂತು, ಅವರ ಕೈ ಹಿಡಿದುಕೊಂಡೆ. ಕೃಷ್ಣಪ್ಪ ಟೈಮ್‌ಟೇಬಲ್ ಬೋರ್ಡನ್ನು ಓದುತ್ತಾ ನಿಂತಿದ್ದರು.

ಆ ರಾತ್ರಿ ಅವರ ಮನೆಯಲ್ಲೇ ಉಳಿದು, ಮಾರನೇ ಬೆಳಗ್ಗೆ ಕೃಷ್ಣಪ್ಪ ಕೆಲಸಕ್ಕೆ ಹೋಗುವ ಪ್ಯಾಸೆಂಜರಿನಲ್ಲೇ ಬೆಂಗಳೂರಿಗೆ ಹೊರಟೆವು. ಕಿಟಕಿಯಾಚೆ ಮಾಲೂರಿನ ಇಟ್ಟಿಗೆ ಗೂಡುಗಳ ಹೊಗೆ ಮಂಜಿನ ಜೊತೆ ನೆಲದುದ್ದಕ್ಕೂ ಮಲಗಿತ್ತು. ಡಬ್ಬಿ ತುಂಬ ಕೆಲಸಕ್ಕೆ ಹೋಗುವವರು. ಲಕ್ಷ್ಮಮ್ಮ ಮಡಿಲಲ್ಲಿ ಸುಣ್ಣದ ಗಂಟನ್ನು ಇಟ್ಟುಕೊಂಡಿದ್ದರು. ಅದು ಯಾಕೆ ಎಂದು ಕೇಳಿದೆ. ಏನು ತಟ್ಟಿದೆ ಎಂದು ಸಾರ್ ಕೇಳಿದರೆ ತೋರಿಸಬೇಡವೇ ಅಂದರು.

ಗೈಡ್ ಸಾರ್ ಎಲ್ಲ ಕೇಳಿಸಿಕೊಂಡರು. ಕೂಗಾಡುವ ಮನುಷ್ಯರಲ್ಲ, ಕೂಗಾಡಿದ್ದರೇ ಚೆನ್ನಾಗಿತ್ತು. ಲಕ್ಷ್ಮಮ್ಮನಿಗೆ ಕಾಫಿ ತರಿಸಿಕೊಟ್ಟು ನನ್ನ ಕಡೆ ತಿರುಗಿದರು.

"ಅವರು ಸುಣ್ಣ ಹಾಕಿದ್ದು ದೊಡ್ಡದಲ್ಲಮ್ಮ. ನೀನು ಕಣ್ಣಾರೆ ಕೂತು ಕಾದ ರಾತ್ರಿಗಳನ್ನೇ ಬಿಸಾಕಿದೆಯಲ್ಲ."

ತಲೆ ತಗ್ಗಿಸಿದೆ. ಲೆಕ್ಕಕ್ಕೆ ಒಪ್ಪಲಿಲ್ಲ ಅನ್ನುವ ಒಂದೇ ಕಾರಣಕ್ಕೆ ನಾನು ಆಕಾಶವನ್ನು ಸುಳ್ಳುಗಾರ ಮಾಡಿದ್ದೆ. ಸುಣ್ಣ ಬಿದ್ದ ರಾತ್ರಿಗಳನ್ನೆಲ್ಲ ಕೈಬಿಡಬೇಕು, ಉಳಿಯುವ ನಾಲ್ಕಾರು ವಾರಾಂತ್ಯದಿಂದ ಪ್ರಬಂಧ ಆಗುವುದಿಲ್ಲ ಎಂದು ಸಾರ್ ಹೇಳಿದರು. ಅದು ನನಗೂ ಗೊತ್ತಿತ್ತು. ಆಗ ಲಕ್ಷ್ಮಮ್ಮ ಲೋಟ ಕೆಳಗಿಟ್ಟು, ಸುಣ್ಣ ಎಷ್ಟು ಬೆಳಕು ತಡೆಯಿತು ಎಂದು ಅಳೆಯಲು ಬರುವುದಿಲ್ಲವೇ, ಅಷ್ಟನ್ನು ಮತ್ತೆ ಸೇರಿಸಿಕೊಂಡರೆ ಆಯಿತಲ್ಲ ಎಂದು ಕೇಳಿದರು. ಸಾರ್ ನಕ್ಕು, ಒಂದೊಂದು ದಿನ ಒಂದೊಂದು ಥರ ಬಿದ್ದಿರುತ್ತದಲ್ಲಮ್ಮ, ಯಾವುದನ್ನು ಅಂತ ಸೇರಿಸೋದು ಅಂದರು. ಲಕ್ಷ್ಮಮ್ಮ ನಗಲಿಲ್ಲ. ಗಾಜು ಕೊಡಿ ಅಂದರು.

ಪ್ರಯೋಗಾಲಯದಲ್ಲಿ ಪೆಟ್ಟಿಗೆಯ ಕಿಟಕಿಯಂಥದೇ ಗಾಜಿನ ಬಿಲ್ಲೆಗಳಿದ್ದವು. ಹತ್ತನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಎತ್ತರ ಸರಿಯಿಲ್ಲ ಎಂದು ಅವರು ಗಾಜುಗಳನ್ನು ನೆಲಕ್ಕೆ ಇಳಿಸಿಕೊಂಡು, ಸೀರೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತರು. ಫ್ಯಾನ್ ಆರಿಸಲು ಹೇಳಿದರು. ಒಂದೊಂದಕ್ಕೂ ಅದೇ ಗೇಣು, ಅದೇ ತಟ್ಟು, ತುಟಿಯಲ್ಲಿ ತಟ್ಟು ಎಣಿಸುವ ಅದೇ ಗುನುಗು. ನಾವು ಒಂದೊಂದನ್ನೂ ದೀಪದ ಮುಂದಿಟ್ಟು ಎಷ್ಟು ಬೆಳಕು ದಾಟುತ್ತದೆ ಎಂದು ಅಳೆದೆವು. ಮೂರನೆಯ ಗಾಜಿಗೆ ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. ಐದನೆಯದಕ್ಕೆ ದೀಪವನ್ನೇ ಬದಲಾಯಿಸಿ ಮೊದಲಿನಿಂದ ಅಳೆದರು. ಹತ್ತೂ ಗಾಜು ಹೆಚ್ಚುಕಡಿಮೆ ಒಂದೇ ಆಗಿದ್ದವು. ನಮ್ಮ ಉಪಕರಣದ್ದೇ ಸಣ್ಣ ಏರುಪೇರು ಎಷ್ಟಿತ್ತೋ ಅವರ ಕೈಯದು ಅದಕ್ಕಿಂತ ದೊಡ್ಡದಾಗಿರಲಿಲ್ಲ.

ಅವರು ಹೇಳಿದ ಹಾಗೇ ಆಯಿತು. ಸುಣ್ಣ ತಡೆದ ಪಾಲನ್ನು ಮತ್ತೆ ಸೇರಿಸಿದಾಗ ವಾರದ ರಾತ್ರಿಗಳೂ ವಾರಾಂತ್ಯದ ರಾತ್ರಿಗಳೂ ಅಕ್ಕಪಕ್ಕದಲ್ಲಿ ಬಂದು ಕೂತವು. ಎಲ್ಲವೂ ಒಕ್ಕೊರಲಿನಿಂದ ಹೇಳಿದ್ದು ಒಂದೇ, ನಿನ್ನ ಮಾಡೆಲ್ ತಪ್ಪು.

ಆ ಫೆಬ್ರವರಿ, ಮಾರ್ಚ್ ನನ್ನ ಬದುಕಿನ ಅತ್ಯಂತ ಕಷ್ಟದ ತಿಂಗಳುಗಳು. ವಿಚಿತ್ರವೆಂದರೆ ಈಗ ತುಂಬ ನೆನಪಾಗುವುದೂ ಅವೇ. ಕೆಲಸಕ್ಕೆ ರಜೆ ಹಾಕಿ ಟೇಕಲ್‌ಗೇ ಹೋಗಿ ಇದ್ದೆ. ಮುಂದಿನ ಬೆಳೆಯ ಹುಳುಗಳು ಕೊನೆಯ ಹಂತದಲ್ಲಿ ಹಗಲು ರಾತ್ರಿ ಮೇಯುತ್ತಿದ್ದವು, ನಾನು ಗೋಡೆಯ ಈಚೆ ಲೆಕ್ಕ ಬಿಡಿಸುತ್ತಿದ್ದೆ. ಲಕ್ಷ್ಮಮ್ಮ ನನ್ನ ಕಾಲನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅದ್ದಿಸಿ, ತಲೆಗೆ ಬಟ್ಟೆ ಕಟ್ಟಿಸಿ, ಮೊದಲ ಸಲ ಹುಳುಮನೆಯ ಒಳಗೆ ಬಿಟ್ಟರು. ಸೊಪ್ಪು ಹೊರುವವರು ಬೇಕಾಗಿತ್ತು, ಅಷ್ಟೇ ಕಾರಣ ಅಂದರು. ಹಣ್ಣಾದ ಹುಳು ಹೊನ್ನಿನ ಬಣ್ಣಕ್ಕೆ ತಿರುಗಿ ಚಂದ್ರಿಕೆ ಹತ್ತುವುದನ್ನು ನೋಡಿದೆ. ಬಿದಿರಿನ ಆ ದೊಡ್ಡ ತಟ್ಟೆಯ ಸುತ್ತುಗಳಲ್ಲಿ ಅವು ತಲೆಯಾಡಿಸುತ್ತಾ ನೂಲು ಬಿಡುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯುತ್ತಿರಲಿಲ್ಲ. ಅಷ್ಟು ನೆಮ್ಮದಿಯಾಗಿ ನಾನು ಮತ್ತೆಲ್ಲೂ ಕೆಲಸ ಮಾಡಿಲ್ಲ.

ತಪ್ಪು ಎಲ್ಲಿತ್ತು ಎಂದು ಗೊತ್ತಾಗಿದ್ದು ಫೆಬ್ರವರಿ ಕೊನೆಗೆ. ಅಷ್ಟು ಎತ್ತರದ ಗಾಳಿ ನಿಂತ ನೀರಿನ ಹಾಗೆ ಇರುತ್ತದೆ ಎಂದು ನಾನು ಲೆಕ್ಕ ಹಿಡಿದಿದ್ದೆ. ನಿಜದಲ್ಲಿ ಅಲ್ಲೂ ಸಮುದ್ರದ ಉಬ್ಬರವಿಳಿತದಂಥದು ನಡೆಯುತ್ತದೆ. ಗಾಳಿ ಇಳಿಯುವ ಹೊತ್ತಿನಲ್ಲಿ ಮೇಲಿನ ಬಿಡಿ ಆಮ್ಲಜನಕ ಕೆಳಗೆ ಬರುತ್ತದೆ, ಬೆಳಕು ಹೆಚ್ಚುತ್ತದೆ. ಇದೇನೂ ಹೊಸ ಸಂಗತಿಯಲ್ಲ, ಬಲ್ಲವರಿಗೆಲ್ಲ ಗೊತ್ತಿದ್ದದ್ದೇ. ಲೆಕ್ಕ ಸುಲಭವಾಗಲಿ ಎಂದು ಮೊದಲ ವರ್ಷ ಅದನ್ನು ಬಿಟ್ಟಿದ್ದೆ, ಆಮೇಲೆ ಬಿಟ್ಟಿದ್ದನ್ನೇ ಮರೆತಿದ್ದೆ. ಅದನ್ನು ಸೇರಿಸಿದ ಮೇಲೆ ಅಂತರ ತುಂಬ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಇಷ್ಟು ಉಳಿದಿದೆ, ಯಾಕೆಂದು ನನಗೆ ಗೊತ್ತಿಲ್ಲ ಎಂದು ಹಾ‌ಗೇ ಬರೆದೆ. ಸುಣ್ಣದ ವಿಷಯಕ್ಕೆ ಒಂದು ಇಡೀ ಅಧ್ಯಾಯ ಕೊಟ್ಟೆ. ಮಾರ್ಚ್ ಕೊನೆಯ ದಿನ ಮಧ್ಯಾಹ್ನ, ಕಚೇರಿಯ ಗುಮಾಸ್ತರು ಊಟಕ್ಕೆ ಏಳುವ ಮುಂಚೆ ಪ್ರಬಂಧ ಒಪ್ಪಿಸಿದೆ. ಒಪ್ಪಿಸಿದ್ದಾಯಿತೇ ಹೊರತು ಗೆದ್ದಂತಾಗಲಿಲ್ಲ. ಮಾಡೆಲ್ ತಾಳೆಯಾಗಿಲ್ಲ ಎಂದು ತಾನೇ ಬರೆದುಕೊಂಡ ಪ್ರಬಂಧವನ್ನು, ಸುಣ್ಣ ಬಿದ್ದ ಅಳತೆಯನ್ನು, ಯಾವ ಪರೀಕ್ಷಕ ಒಪ್ಪುತ್ತಾನೆ ಎಂಬ ಭಯ ಹಾಗೇ ಉಳಿಯಿತು.

ವೈವಾ ಬಂದಿದ್ದು ಸೆಪ್ಟೆಂಬರಿನಲ್ಲಿ. ಯಾರು ಬೇಕಾದರೂ ಬಂದು ಕೂರಬಹುದಾದ ಪರೀಕ್ಷೆ ಅದು. ಹಿಂದಿನ ದಿನವಷ್ಟೇ ಗೂಡು ಮಾರಿ ಬಿಡುವಾಗಿದ್ದ ಲಕ್ಷ್ಮಮ್ಮ, ನಾನು ಸಂಕ್ರಾಂತಿಗೆ ಕೊಟ್ಟ ಸೀರೆ ಉಟ್ಟು ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಕೃಷ್ಣಪ್ಪ ಬಾಗಿಲ ಹತ್ತಿರ ನಿಂತಿದ್ದರು. ಪರೀಕ್ಷಕರು ಹೊರರಾಜ್ಯದಲ್ಲಿ ಬಹಳ ವರ್ಷ ಕೆಲಸ ಮಾಡಿದ ಹಿರಿಯರು, ಧಾರವಾಡದ ಕಡೆಯವರು, ಕಟುವಾದ ಪ್ರಶ್ನೆಗೆ ಹೆಸರಾದವರು. ಒಂದು ಗಂಟೆ ಮಾಡೆಲ್‌ನ ಒಂದೊಂದು ಎಳೆಯನ್ನೂ ಎಳೆದು ನೋಡಿದರು. ಆಮೇಲೆ ಸುಣ್ಣದ ಅಧ್ಯಾಯಕ್ಕೆ ಬಂದು ಪುಟದ ಮೇಲೆ ಪೆನ್ನು ಇಟ್ಟು ನಿಲ್ಲಿಸಿದರು.

ಕೈಯಿಂದ ತಟ್ಟಿದ ಪುಡಿ ಅಷ್ಟೂ ರಾತ್ರಿ ಒಂದೇ ಸಮ ಬಿದ್ದಿತ್ತು ಎಂದು ಹೇಗೆ ನಂಬುವುದು, ಪ್ರಯೋಗಾಲಯದಲ್ಲಿ ಹತ್ತು ಗಾಜಿಗೆ ತಟ್ಟಿದ್ದು ಸರಿ, ಆದರೆ ಅಲ್ಲಿ ನೀವೆಲ್ಲ ನೋಡುತ್ತಿದ್ದಿರಿ, ಯಾರೂ ನೋಡದಿದ್ದಾಗ ಮನುಷ್ಯರ ಕೈ ಹಾಗೇ ಇರುತ್ತದೆಯೇ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಇಡೀ ಪ್ರಬಂಧ ಅದೊಂದರ ಮೇಲೆ ನಿಂತಿತ್ತು. ಗೈಡ್ ಸಾರ್ ಕಡೆ ನೋಡಿದೆ, ಅವರು ನೆಲ ನೋಡುತ್ತಿದ್ದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ತಟ್ಟಿದವರು ಇಲ್ಲೇ ಇದ್ದಾರೆ ಸಾರ್, ಅವರನ್ನೇ ಕೇಳಿ ಅಂದೆ.

ಎಲ್ಲರೂ ತಿರುಗಿ ನೋಡಿದರು. ಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಪರೀಕ್ಷಕರು ಅದೇ ಪ್ರಶ್ನೆಯನ್ನು ಇನ್ನಷ್ಟು ನಿಧಾನವಾಗಿ ಕೇಳಿದರು.

"ಜಾಸ್ತಿ ಬಿದ್ರೆ ಹುಳ ಮೈ ಒಣಗಿ ಸಾಯುತ್ತೆ ಸಾರ್, ಕಮ್ಮಿ ಬಿದ್ರೆ ಕೊಳೆತು ಸಾಯುತ್ತೆ," ಅಂದರು ಲಕ್ಷ್ಮಮ್ಮ. "ಮೂವತ್ತು ವರ್ಷದಿಂದ ತಟ್ತಾ ಇದೀನಿ. ನನ್ ಹುಳ ಎದ್ದಿದಾವೆ."

ಪರೀಕ್ಷಕರು, ಕೂತ್ಕೊಳ್ರಿ ತಾಯಿ, ಅಂದರು. ಆಮೇಲೆ ಪುಟ ಮಗುಚಿ, ನನ್ನ ಕಡೆ ತಿರುಗಿ, ಮುಂದಿನ ಅಧ್ಯಾಯಕ್ಕೆ ಹೋಗೋಣ ಅಂದರು.